ಒಂದು ಗೇಣು ಹೆಚ್ಚಿನ ಕೌದಿ

ಬಯಲುಸೀಮೆಯ ಎರೆಯ ನಾಡಿನಲ್ಲಿ ಚಳಿಗಾಲವು ಒಮ್ಮೆಲೇ ಬರುವುದಿಲ್ಲ, ಒಮ್ಮೆಲೇ ಹೋಗುವುದೂ ಇಲ್ಲ. ದೀಪಾವಳಿಯ ಹಿಂದೆಮುಂದೆ ಅದು ಹೊಲದ ಬದುವಿನಲ್ಲಿ ಸುಳಿದಾಡುತ್ತದೆ; ಎಳ್ಳಮಾವಾಸ್ಯೆಯ ಹೊತ್ತಿಗೆ ಊರೊಳಗೆ ಬರುತ್ತದೆ; ಪುಷ್ಯಮಾಸದಲ್ಲಿ ಮನೆಯ ಒಲೆಯ ಮುಂದೆಯೇ ಬಂದು ಕುಳಿತುಬಿಡುತ್ತದೆ. ಸಂಕ್ರಾಂತಿ ಕಳೆದು ಹಗಲು ಇಷ್ಟಿಷ್ಟಾಗಿ ಬೆಳೆಯತೊಡಗಿದಂತೆ ಅದರ ಬಿಗುವು ಸಡಿಲುತ್ತದೆ. ಕೊನೆಗೆ ಮಾಘ ಬಹುಳ ಚತುರ್ದಶಿಯಂದು, ಹಿರಿಯರ ಮಾತಿನಂತೆ, 'ಶಿವ ಶಿವಾ' ಎನ್ನುತ್ತ ಹೊರಟುಹೋಗುತ್ತದೆ. ಧಾರವಾಡ, ಗದಗ, ಕೊಪ್ಪಳ, ವಿಜಯಪುರದ ಸೀಮೆಯಲ್ಲಿ ಬಾಳಿದವರಿಗೆ ಚಳಿಯ ಈ ಬರುಹೋಗುಗಳನ್ನು ಪಂಚಾಂಗ ನೋಡಿ ತಿಳಿಯಬೇಕಾದ ಅಗತ್ಯವಿಲ್ಲ. ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಯಾವ ಕೆಲಸ ನಡೆದಿದೆ ಎಂಬುದನ್ನು ನೋಡಿದರೆ ಸಾಕು.

ಹೋಗುವ ಚಳಿಗೂ ಬರುವ ಬಿಸಿಲಿಗೂ ನಡುವೆ ದೊರೆಯುವ ಆರೆಂಟು ವಾರಗಳು ಒಕ್ಕಲುತನದ ಮನೆಗೆ ವಿಶೇಷವಾದ ಕಾಲ. ಹಿಂಗಾರಿಯ ಬಿಳಿಜೋಳ ಹಾಲುಗಾಳು ಕಳೆದು ಗಟ್ಟಿಯಾಗುತ್ತಿರುತ್ತದೆ. ಕಡಲೆ ಕಿತ್ತು ಬಡಿಯುವ ಹದಕ್ಕೆ ಬರುತ್ತಿರುತ್ತದೆ. ಹತ್ತಿ ಬಾಯಿ ಬಿಡುತ್ತಿರುತ್ತದೆ. ಗಂಡಸರಿಗೆ ಹೊಲದ ಕೆಲಸವಾದರೆ ಹೆಂಗಸರಿಗೆ ಹೊಲದ ಕೆಲಸವೂ ಉಂಟು, ಮನೆಯ ಕೆಲಸವೂ ಉಂಟು. ಆದರೂ ಈ ದಿನಗಳಲ್ಲಿಯೇ ಅವರು ಪಡಸಾಲೆಯಲ್ಲಿ, ಹಿತ್ತಿಲಲ್ಲಿ, ಮಾಳಿಗೆಯ ಮೇಲೆ ವರ್ಷಕ್ಕಾಗುವಷ್ಟು ಸಾಮಗ್ರಿಯನ್ನು ತಮ್ಮ ಕೈಯಿಂದಲೇ ಮಾಡಿಕೊಳ್ಳುತ್ತಿದ್ದರು. ಇದಕ್ಕೆ ಅವರು ಕಲೆಯೆಂಬ ಹೆಸರನ್ನು ಕೊಡಲಿಲ್ಲ. 12ನೆಯ ಶತಮಾನದ ಶರಣರ ನಡುವೆ ನೂಲು ತೆಗೆದ ಕದಿರ ರೆಮ್ಮವ್ವೆ ಇದ್ದಳು, ಭತ್ತ ಕುಟ್ಟಿದ ಕೊಟ್ಟಣದ ಸೋಮಮ್ಮ ಇದ್ದಳು, ಬಟ್ಟೆ ಹೊಲಿದ ಸೂಜಿಕಾಯಕದ ರಾಮಿತಂದೆ ಇದ್ದನು. ಅವರ ಹೆಸರಿಗಿಂತ ಮುಂದೆ ಅವರ ಕಾಯಕವೇ ನಿಂತಿದೆ. ಆ ಹೆಸರುಗಳನ್ನು ಕೇಳಿ ಬೆಳೆದ ನಾಡಿನಲ್ಲಿ ಸೂಜಿ, ಒನಕೆ, ಕದಿರು ಇವು ಹೇಳಿಕೊಳ್ಳಬೇಕಾದ ಸಂಗತಿಗಳಾಗಿರಲಿಲ್ಲ, ಮಾಡಬೇಕಾದ ಕೆಲಸಗಳಾಗಿದ್ದವು.

ಚಳಿಯನ್ನೇ ಆಳಾಗಿ ದುಡಿಸಿಕೊಳ್ಳುವ ಕೆಲಸವೊಂದು ಇವುಗಳಲ್ಲಿ ಇದೆ. ಅದು ಸಂಕ್ರಾಂತಿಯ ಕುಸುರೆಳ್ಳು. ಎಳ್ಳನ್ನು ತೊಳೆದು, ಸಿಪ್ಪೆ ತೆಗೆದು, ಒಣಗಿಸಿ, ಹಸನಾಗಿ ಹುರಿದು ಹಿತ್ತಾಳೆಯ ಪರಾತದಲ್ಲಿ ಹರಡುತ್ತಾರೆ. ಪರಾತದ ಕೆಳಗೆ ಬೂದಿ ಮುಚ್ಚಿದ ಕೆಂಡ. ಕೈಗೆ ಹಿತವೆನಿಸುವಷ್ಟೇ ಅದರ ಕಾವು. ಸಕ್ಕರೆಯ ಪಾಕಕ್ಕೆ ಸ್ವಲ್ಪ ಹಾಲು ಹಾಕಿ, ಮೇಲೆ ಬಂದ ಕೊಳೆಯನ್ನು ತೆಗೆದು ತಿಳಿಯಾಗಿಸಿ, ಚಮಚದಿಂದ ತುಸು ತುಸುವೇ ಎಳ್ಳಿನ ಮೇಲೆ ಬಿಟ್ಟು ಬೆರಳ ತುದಿಯಿಂದ ಆಡಿಸುತ್ತ ಇರಬೇಕು. ಒಂದು ಚಮಚ ಪಾಕ ಆರಿದ ಮೇಲೆ ಇನ್ನೊಂದು. ಹೀಗೆ ದಿನಗಟ್ಟಲೆ ನಡೆದಾಗ ಪ್ರತಿಯೊಂದು ಎಳ್ಳಿನ ಸುತ್ತಲೂ ಸಕ್ಕರೆಯ ಸಣ್ಣ ಸಣ್ಣ ಮುಳ್ಳುಗಳು ಏಳುತ್ತವೆ. ನಸುಕಿನ ಕೊರೆಯುವ ಚಳಿಯೇ ಇದಕ್ಕೆ ತಕ್ಕ ಹೊತ್ತು. ಹವೆ ಬೆಚ್ಚಗಾದರೆ ಮುಳ್ಳು ಏಳದೆ ಕಾಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದುದರಿಂದ ಊರು ಮಲಗಿರುವಾಗಲೇ ಎದ್ದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅತ್ತೆ ಸೊಸೆಯರು ಪರಾತದ ಎದುರು ಕೂರುತ್ತಿದ್ದರು. ಬೇರೆ ಹೊತ್ತಿನಲ್ಲಿ ಆಡಲಾಗದ ಎಷ್ಟೋ ಮಾತುಗಳು ಆ ಹೊತ್ತಿನಲ್ಲಿ ಆಡಿ ಮುಗಿಯುತ್ತಿದ್ದವು. ಇಷ್ಟು ಶ್ರಮದಿಂದ ಆದ ಕುಸುರೆಳ್ಳು ಮನೆಯಲ್ಲಿ ಉಳಿಯುತ್ತಿರಲಿಲ್ಲ. ಸಂಕ್ರಾಂತಿಯ ಸಂಜೆ ಮಕ್ಕಳು ಬಟ್ಟಲುಗಳನ್ನು ಹಿಡಿದು ಮನೆಮನೆಗೆ ಹೋಗಿ ಹಿರಿಯರ ಕೈಗೆ ಚಿಟಿಕೆ ಚಿಟಿಕೆಯಾಗಿ ಅದನ್ನು ಇಟ್ಟು ಕಾಲಿಗೆ ನಮಸ್ಕರಿಸುತ್ತಿದ್ದರು. ವರ್ಷದುದ್ದಕ್ಕೂ ಮಾತು ಬಿಟ್ಟವರ ಮನೆಯ ಹೊಸ್ತಿಲನ್ನೂ ಆ ಬಟ್ಟಲು ದಾಟಿ ಬರುತ್ತಿತ್ತು.

ಹೊಲದಲ್ಲಿಯೂ ಈ ದಿನಗಳಿಗೆ ತಮ್ಮವೇ ಆದ ಸಣ್ಣ ಸುಖಗಳುಂಟು. ಹಾಲು ತುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿದರೆ ಹಸಿರು ಮುತ್ತಿನಂತಹ ಸೀತನಿ ಉಳಿಯುತ್ತದೆ. ಅದರೊಡನೆ ಶೇಂಗಾ ಹಿಂಡಿ, ತುಸು ಬೆಲ್ಲ. ಬದುವಿನ ಮೇಲೆಯೇ ಊಟ. ಈ ಸುಖದ ಆಯುಷ್ಯ ಎರಡು ಮೂರು ವಾರ ಮಾತ್ರ. ಕಾಳು ಬಲಿತರೆ ಸೀತನಿ ಹೋಗಿ ಜೋಳವಾಗುತ್ತದೆ. ಹಸಿ ಕಡಲೆಯ ಸುಲಗಾಯಿಯ ರುಚಿಯೂ ಹಾಗೆಯೇ. ಕಡಲೆಯ ಹೊಲದಿಂದ ಇನ್ನೊಂದು ವಸ್ತುವನ್ನು ಪಡೆಯುವುದನ್ನು ಹಳಬರು ಬಲ್ಲವರಾಗಿದ್ದರು. ರಾತ್ರಿ ತೆಳುವಾದ ಬಟ್ಟೆಯನ್ನು ಗಿಡಗಳ ಮೇಲೆ ಹರಡಿಟ್ಟು, ನಸುಕಿನಲ್ಲಿ ಇಬ್ಬನಿ ಹೀರಿದ ಆ ಬಟ್ಟೆಯನ್ನು ಹಿಂಡಿದರೆ ಕಡಲೆಯ ಹುಳಿ ಸಿಕ್ಕುತ್ತಿತ್ತು. ಕಡಲೆಯ ಎಲೆಗಳು ಸ್ರವಿಸುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಇಬ್ಬನಿಯಲ್ಲಿ ಕರಗಿ ಬರುವುದೇ ಇದರ ಗುಟ್ಟು. ಹೊಟ್ಟೆನೋವಿಗೆ ಔಷಧಿಯೆಂದು ಅದನ್ನು ಸೀಸೆಯಲ್ಲಿ ತುಂಬಿಡುತ್ತಿದ್ದರು. ಬಿಸಿಲು ಬಲಿತರೆ ಇಬ್ಬನಿಯೂ ಇಲ್ಲ, ಹುಳಿಯೂ ಇಲ್ಲ.

ಮಕ್ಕಳ ಕೈಗಳಾದರೂ ಸುಮ್ಮನಿರುತ್ತಿದ್ದವೆ? ಜೋಳದ ದಂಟಿನ ಹೊರಮೈಯ ಸಿಬಿರನ್ನು ಬಿಡಿಸಿ, ಒಳಗಿನ ಹಗುರಾದ ಬೆಂಡನ್ನು ತುಂಡರಿಸಿ, ಸಿಬಿರಿನಿಂದ ಬೆಂಡಿಗೆ ಚುಚ್ಚಿ ಜೋಡಿಸುತ್ತ ಹೋದರೆ ಬಂಡಿಯಾಗುತ್ತಿತ್ತು, ನೊಗ ಹೊತ್ತ ಎತ್ತುಗಳಾಗುತ್ತಿದ್ದವು, ಮೂಗಿನ ಮೇಲೆ ನಿಲ್ಲುವ ಕನ್ನಡಕವಾಗುತ್ತಿತ್ತು. ಕಾಸು ಖರ್ಚಿಲ್ಲದ ಈ ಆಟಿಕೆಗಳಿಗೆ ಒಂದು ದಿನದ ಬಾಳಿಕೆ ಮಾತ್ರ; ಸಂಜೆಗೆ ಅವು ದನಗಳ ಗೋದಲಿ ಸೇರುತ್ತಿದ್ದವು. ಮರುದಿನ ಹೊಸ ಬಂಡಿ. ಹೊಸ ಹುಣಸೆಹಣ್ಣಿಗೆ ಬೆಲ್ಲ, ಜೀರಿಗೆ, ಉಪ್ಪು, ಖಾರ ಸೇರಿಸಿ ಕುಟ್ಟಿ ಕಡ್ಡಿಗೆ ಹಚ್ಚಿದ ಚಿಗಳಿಯನ್ನು ಚೀಪುತ್ತ ಆ ಬಂಡಿಯನ್ನು ಎಳೆಯುವ ಬಾಲಕನಿಗೆ ಯಾವ ಕೊರತೆಯೂ ತಿಳಿಯುತ್ತಿರಲಿಲ್ಲ.

ಮಾಘಮಾಸ ಬಂತೆಂದರೆ ಹತ್ತಿಯ ಕೆಲಸ. ಹೊಲದಿಂದ ಬಂದ ಅರಳೆಯಲ್ಲಿ ಹಿಡಿಯಷ್ಟನ್ನು ಮನೆಗೆಂದು ತೆಗೆದಿಡುತ್ತಿದ್ದರು. ಬೀಜ ಬಿಡಿಸಿ, ಹಿಂಜಿ, ಅಂಗೈಯಲ್ಲಿ ಹೊಸೆದು ಬತ್ತಿ ಮಾಡುವುದು ಕಣ್ಣು ಮಂದವಾದ ಹಿರಿಯರಿಗೂ ಒದಗುವ ಕಾಯಕ. ಅದೇ ಅರಳೆಯಿಂದ ತಕಲಿಯಲ್ಲಿ ನೂಲು ತೆಗೆದು, ಎಳೆಗೆ ಎಳೆ ಸೇರಿಸಿ ಹುರಿಮಾಡಿ ಕೊರಳ ಲಿಂಗಕ್ಕೆ ಶಿವದಾರ ಮಾಡಿಕೊಳ್ಳುವವರೂ ಇದ್ದರು. ಆ ಕಾಲದ ಹೊಲಗಳಲ್ಲಿ ಜಯಧರದಂತಹ ನಾಟಿ ಹತ್ತಿಯ ಜೊತೆಗೆ ಹೊಸ ತಳಿಗಳೂ ಕಾಲಿಡುತ್ತಿದ್ದವು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿ ಅವರು ರೂಪಿಸಿದ 'ವರಲಕ್ಷ್ಮಿ' ಎಂಬ ಸಂಕರಣ ಹತ್ತಿ 1972ರಲ್ಲಿ ಬಿಡುಗಡೆಯಾಯಿತು. ಹೊಸ ಹತ್ತಿಯ ಎಳೆ ಉದ್ದ, ಬೆಲೆಯೂ ಹೆಚ್ಚು. ಆದರೆ ಪೇಟೆಗೆ ಹೋಗುವ ಅಂಡಿಗೆಯಿಂದ ಮನೆಯ ಬತ್ತಿಗೆಂದು ತೆಗೆಯುವ ಹಿಡಿಯ ಅಳತೆ ಮಾತ್ರ ಹಿಂದಿನಷ್ಟೇ ಇತ್ತು.

ಇಂತಹ ಕೆಲಸಗಳ ನಡುವೆ ಹಿರಿದಾದುದು, ನಿಧಾನವಾದುದು, ಕೌದಿ ಹೊಲಿಯುವುದು. ವಿಚಿತ್ರವೆಂದರೆ ಚಳಿಗೆ ಹೊದೆಯುವ ಕೌದಿಯನ್ನು ಬಹುತೇಕ ಮನೆಗಳಲ್ಲಿ ಹೊಲಿಯುತ್ತಿದ್ದುದು ಚಳಿ ಹೋಗುವಾಗ. ನೆಲ ಒಣಗಿರುತ್ತದೆ, ಹಗಲು ಉದ್ದವಾಗಿರುತ್ತದೆ, ಬಿಸಿಲು ಇನ್ನೂ ಸುಡುವುದಿಲ್ಲ, ಹಳೆಯ ಬಟ್ಟೆಗಳನ್ನು ಒಗೆದು ಒಣಗಿಸಲು ಅನುಕೂಲ. ಕಾರಣಗಳೇನೋ ಇವು. ಆದರೆ ಹೊಲಿಯುವವರಿಗೆ ಈ ವರ್ಷ ಅದರ ಉಪಯೋಗವಿಲ್ಲ. ಅದು ಮುಂದಿನ ಚಳಿಗೆ. ಆಗ ಅದನ್ನು ಹೊದೆಯುವವರು ಯಾರೋ ಅವರಿಗೆ.

1970ರ ದಶಕದ ಕೊನೆಯ ವರ್ಷಗಳಲ್ಲಿ ಅಂತಹ ಒಂದು ಮನೆಯಲ್ಲಿ ಮಾಘಮಾಸದ ಒಂದು ಮಧ್ಯಾಹ್ನ ಅಜ್ಜಿ ತನ್ನ ಬಟ್ಟೆಯ ಗಂಟನ್ನು ಬಿಚ್ಚಿದಳು. ಮೊಮ್ಮಗ ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸುವವನಿದ್ದ. ಜೂನ್ ತಿಂಗಳಲ್ಲಿ ಅವನನ್ನು ಪಟ್ಟಣದ ಮಠದ ಪ್ರಸಾದ ನಿಲಯದಲ್ಲಿ ಬಿಟ್ಟು ಹೈಸ್ಕೂಲಿಗೆ ಹಚ್ಚುವುದೆಂದು ನಿಶ್ಚಯವಾಗಿತ್ತು. ಊಟ ಮಠದ್ದು, ವಸತಿ ಮಠದ್ದು. ಒಯ್ಯಬೇಕಾದುದು ಒಂದು ಟ್ರಂಕು, ತಾಟು, ತಂಬಿಗೆ, ಹಾಸಿಗೆ. ಸೊಸೆಗೆ ಮಗ ನಾಲ್ವರೆದುರು ಕಡಿಮೆ ಕಾಣಬಾರದೆಂಬ ಆಸೆ. ಹತ್ತಿ ಮಾರಿದ ಹಣದಲ್ಲಿ ಅವನಿಗೊಂದು ಹೊಸ ಚಾದರವನ್ನು ತರಬೇಕೆಂದು ಅವಳು ಮನಸ್ಸಿನಲ್ಲಿಯೇ ಗೊತ್ತು ಮಾಡಿಕೊಂಡಿದ್ದಳು.

"ಅತ್ತೀ, ಪ್ಯಾಟ್ಯಾಗ ಚಲೋ ಚಾದರ ಸಿಗತಾವು. ಇಲ್ಲದ ಕಣ್ಣು ಯಾಕ ನೋಯಿಸಿಕೊಂತೀರಿ?" ಎಂದಳು.

"ಚಾದರಕ್ಕ ರೊಕ್ಕ ಬೇಕು, ಇದಕ್ಕ ದಾರ ಸಾಕು" ಎಂದಳು ಅಜ್ಜಿ. ಸ್ವಲ್ಪ ಹೊತ್ತಿನ ಮೇಲೆ, ತನಗೆ ತಾನೇ ಹೇಳಿಕೊಂಡಂತೆ, "ಅಲ್ಲಿ ರಾತ್ರ್ಯಾಗ ಹುಡುಗಗ ಮನಿ ವಾಸನಿ ಬ್ಯಾಡೇನು?" ಎಂದಳು.

ಸೊಸೆ ಮಾತನ್ನು ಬೆಳೆಸಲಿಲ್ಲ. ಆದರೆ ಕೌದಿಯ ಹತ್ತಿರವೂ ಸುಳಿಯಲಿಲ್ಲ.

ಕೌದಿಯ ಕ್ರಮ ಸರಳವಾದುದು. ಒಗೆದು ಮೆತ್ತಗಾದ ದೊಡ್ಡ ಸೀರೆಯೊಂದನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅಂಚುಗಳ ಮೇಲೆ ಕಲ್ಲುಗಳನ್ನು ಇಡುತ್ತಾರೆ. ಅದರ ಮೇಲೆ ಜೀರ್ಣವಾದ ಧೋತರಗಳ, ಸೀರೆಗಳ ಪದರುಗಳು. ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳ ಜೋಡಣೆ. ಉದ್ದನೆಯ ಟಾಕಿಗಳಿಂದ ಪದರುಗಳನ್ನು ತಾತ್ಪೂರ್ತಿಕವಾಗಿ ಹಿಡಿಸಿದ ಮೇಲೆ, ಒಂದು ಅಂಚಿನಿಂದ ಆರಂಭಿಸಿ ಸುತ್ತಲೂ ಸಾಲು ಹಾಕುತ್ತ, ಸಾಲಿನ ಒಳಗೆ ಸಾಲು ಬರುತ್ತ ನಡುವಿಗೆ ತಲುಪಬೇಕು. ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರ. ಪದರುಗಳ ನಡುವೆ ಸಿಕ್ಕ ಗಾಳಿ ಅಲುಗಾಡದೆ ನಿಲ್ಲುವುದರಿಂದ ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ಹೊಲಿಗೆ ದಟ್ಟವಾಗಿದ್ದಷ್ಟೂ ಪದರುಗಳು ಸರಿಯುವುದಿಲ್ಲ. ಹೊಸ ಬಟ್ಟೆಗಿಂತ ಸವೆದ ಹತ್ತಿಬಟ್ಟೆಯೇ ಇದಕ್ಕೆ ಲೇಸು, ಏಕೆಂದರೆ ಅದು ಮೈಗೆ ಹೊಂದುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕೌದಿಗಳ ನಾಲ್ಕು ಮೂಲೆಗಳಲ್ಲಿ ಬಟ್ಟೆಯ ಮಡಿಕೆಗಳಿಂದ ಮಾಡಿದ 'ಫುಲ' ಇರುತ್ತದೆ. ಅದಿಲ್ಲದೆ ಅವರ ಕೌದಿ ಪೂರ್ಣವಾಗದು. ಎರೆಯ ಸೀಮೆಯ ಕೌದಿಗೆ ಅಂತಹ ಅಲಂಕಾರ ಕಡಿಮೆ. ಅಲ್ಲಿ ತುಂಡುಗಳೇ ಮಾತನಾಡಬೇಕು.

ಅಜ್ಜಿಯ ಗಂಟಿನಲ್ಲಿ ಮಾತನಾಡುವ ತುಂಡುಗಳಿಗೆ ಬರವಿರಲಿಲ್ಲ. ಅವಳ ಮದುವೆಯ ಇಳಕಲ್ಲ ಸೀರೆಯ ಕೆಂಪು ಸೆರಗು ಇತ್ತು. ಮೈಯ ಬಟ್ಟೆ ಎಂದೋ ಹರಿದುಹೋಗಿದ್ದರೂ ಟೋಪ ತೆನಿಯ ಬಿಳಿಯ ಹಲ್ಲುಗಳು ಇನ್ನೂ ಸ್ಪಷ್ಟವಾಗಿದ್ದವು. ಗಂಡನ ಮನೆಗೆ ಹೋದ ಮಗಳ ಗುಳೇದಗುಡ್ಡದ ಖಣದ ಕುಪ್ಪಸವಿತ್ತು. ತೀರಿಹೋದ ಯಜಮಾನನ ಎರಡು ಧೋತರಗಳು, ಒಂದು ರುಮಾಲು ಇದ್ದವು. ಹುಡುಗನ ತೊಟ್ಟಿಲ ಬಟ್ಟೆಯೂ ಇತ್ತು. ಒಂದೊಂದು ತುಂಡನ್ನೂ ಕೈಯಲ್ಲಿ ಹಿಡಿದು ಅವಳು ಅದರ ವರ್ಷವನ್ನು ಹೇಳುತ್ತಿದ್ದಳು, ಇಸವಿಯಿಂದಲ್ಲ, ಮಳೆಬೆಳೆಯಿಂದ. ಹುಡುಗ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ. 1972ರ ಬರಗಾಲವು ಅವನು ತಿಳಿವು ಬಂದಮೇಲೆ ಕಂಡ ಬರ. ಅದು ಅವನಿಗೂ ನೆನಪಿತ್ತು. "ಆಯೀ, ಬರದ ವರ್ಷದ ತುಂಡು ಯಾವುದು?" ಎಂದು ಕೇಳಿದ.

"ಅದರದು ಇಲ್ಲಪ್ಪ. ಆ ವರ್ಷ ಹೊಸಾ ಅರಿವಿ ಬರಲಿಲ್ಲ, ಹಳೇದನ್ನ ಬಿಡಲಿಲ್ಲ" ಎಂದಳು ಅಜ್ಜಿ.

ಇತಿಹಾಸದ ಪುಸ್ತಕದಲ್ಲಿ ಬರಗಾಲವು ಒಂದು ಅಧ್ಯಾಯವಾಗುತ್ತದೆ. ಕೌದಿಯಲ್ಲಿ ಅದು ಇಲ್ಲದಿರುವ ಒಂದು ತುಂಡು. ಎರಡನ್ನೂ ಓದಲು ಬಲ್ಲ ವಿದ್ಯಾರ್ಥಿಯೇ ನಾಡಿನ ಚರಿತ್ರೆಯನ್ನು ಪೂರ್ತಿಯಾಗಿ ಓದಿದವನು.

ಹೊಲಿಗೆ ಆರಂಭವಾಯಿತು. ಅಜ್ಜಿಯ ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣಿನ ಬೆಳಕೂ ಮಸುಕಾಗುತ್ತಿತ್ತು. ಸೂಜಿಗೆ ದಾರ ಪೋಣಿಸುವುದು ಅವಳಿಂದಾಗದು. ಶಾಲೆಗೆ ಹೋಗುವ ಮೊದಲು ಹುಡುಗ ಹತ್ತು ಸೂಜಿಗಳಿಗೆ ದಾರ ಪೋಣಿಸಿ, ಜೋಳದ ದಂಟಿನ ಬೆಂಡೊಂದಕ್ಕೆ ಸಾಲಾಗಿ ಚುಚ್ಚಿ ಇಟ್ಟುಹೋಗುತ್ತಿದ್ದ. ಬಂಡಿ ಮಾಡುತ್ತಿದ್ದ ಬೆಂಡು ಈಗ ಸೂಜಿಗಳ ಮನೆಯಾಯಿತು. ಹತ್ತು ಸೂಜಿಗಳ ದಾರ ಮುಗಿದರೆ ಅಂದಿನ ಕೆಲಸ ಮುಗಿಯಿತು. ಸಾಲು ನೇರವಾಗಿದೆಯೋ ಇಲ್ಲವೋ ಎಂಬುದನ್ನು ಅವಳು ನೋಡಿ ತಿಳಿಯುತ್ತಿರಲಿಲ್ಲ. ಎಡಗೈಯ ಬೆರಳನ್ನು ಹಿಂದಿನ ಸಾಲಿನ ಮೇಲೆ ಸವರಿ ತಿಳಿಯುತ್ತಿದ್ದಳು.

ಮೊದಲ ದಿನವೇ ಸೊಸೆಯ ಕಣ್ಣಿಗೆ ಒಂದು ಸಂಗತಿ ಬಿತ್ತು. ಕೌದಿ ಅಗಲವಾಗಿತ್ತು. ಒಬ್ಬ ಹುಡುಗನ ಹೊದಿಕೆಗೆ ಬೇಕಾದುದಕ್ಕಿಂತ ಒಂದು ಗೇಣಾದರೂ ಹೆಚ್ಚು. ಅಷ್ಟು ಬಟ್ಟೆ, ಅಷ್ಟು ದಾರ, ಅಷ್ಟು ಕಣ್ಣು ಯಾವುದಕ್ಕಾಗಿ ವ್ಯಯವಾಗಬೇಕು?

"ಒಬ್ಬ ಹುಡುಗಗ ಇಷ್ಟ ಅಗಲ ಯಾಕ ಬೇಕ್ರೀ ಅತ್ತೀ?"

ಅಜ್ಜಿ ಸೂಜಿಯನ್ನು ನಿಲ್ಲಿಸದೆಯೇ ಹೇಳಿದಳು: "ಮಠದಾಗ ಮತ್ತೊಬ್ಬ ಇರತಾನಲ್ಲ?"

ಆ ಮತ್ತೊಬ್ಬನು ಯಾರೆಂದು ಅವಳಿಗೆ ತಿಳಿದಿರಲಿಲ್ಲ. ಅವನ ಊರು, ಹೆಸರು, ಮನೆತನ ಯಾವುದನ್ನೂ ಅವಳು ಕೇಳಿದವಳಲ್ಲ. ಅಂಥವನೊಬ್ಬ ಇದ್ದೇ ಇರುತ್ತಾನೆಂಬುದು ಮಾತ್ರ ಅವಳಿಗೆ ಖಚಿತವಾಗಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುವಾಗಲೂ ಅವಳು ಮನೆಯ ಮಂದಿಯನ್ನು ಎಣಿಸಿ, ಬಳಿಕ ಎರಡು ರೊಟ್ಟಿ ಹೆಚ್ಚು ಬಡಿಯುತ್ತಿದ್ದಳು. ಬರುವವರು ಬಂದರೆ ಅವರಿಗೆ. ಬಾರದಿದ್ದರೆ ಮರುದಿನ ನಸುಕಿನಲ್ಲಿ ಮೊಸರಿನೊಡನೆ ಮಕ್ಕಳಿಗೆ.

ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಎಲ್ಲರಿಗೂ ತಿಳಿದುದೇ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚಿಗೆ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮೇಲುನೋಟಕ್ಕೆ ಲಕ್ಕಮ್ಮನ ನಡತೆಯೂ ಕೌದಿಯನ್ನು ಒಂದು ಗೇಣು ಹೆಚ್ಚಿಸಿದ ಅಜ್ಜಿಯ ನಡತೆಯೂ ಒಂದಕ್ಕೊಂದು ಎದುರು ಎನಿಸಬಹುದು. ಒಬ್ಬಳು ಹೆಚ್ಚಾದುದನ್ನು ಬೇಡವೆಂದಳು. ಇನ್ನೊಬ್ಬಳು ಹೆಚ್ಚು ಬೇಕೆಂದಳು. ಆದರೆ ಎರಡರ ಮೂಲ ಒಂದೇ. ತನಗಾಗಿ ಕೂಡಿಟ್ಟ ಹೆಚ್ಚಳ ಆಸೆಯಾಗುತ್ತದೆ. ಮತ್ತೊಬ್ಬನಿಗಾಗಿ ಸೇರಿಸಿದ ಹೆಚ್ಚಳ ದಾಸೋಹವಾಗುತ್ತದೆ. ಅಳತೆ ಅದೇ, ಅಕ್ಕಿ ಅದೇ, ಬಟ್ಟೆ ಅದೇ. ಅದು ಯಾರ ಕಡೆಗೆ ಹೊರಟಿದೆ ಎಂಬುದಷ್ಟೇ ಬೇರೆ.

ಮನೆಯಲ್ಲಿ ನಡೆಯುವ ಈ ಸಣ್ಣ ಲೆಕ್ಕವು ಊರೂರು ಸೇರಿದಾಗ ಎಷ್ಟು ಹಿರಿದಾಗಬಲ್ಲದೆಂಬುದಕ್ಕೆ ಕೊಪ್ಪಳದ ಗವಿಮಠದ ಜಾತ್ರೆಯೇ ಸಾಕ್ಷಿ. ಪುಷ್ಯ ಬಹುಳ ಬಿದಿಗೆಯಂದು ನಡೆಯುವ ಗವಿಸಿದ್ಧೇಶ್ವರರ ರಥೋತ್ಸವಕ್ಕೆ ಸುತ್ತಲಿನ ಹಳ್ಳಿಗಳ ಮನೆಗಳಿಂದ ಜೋಳದ ರೊಟ್ಟಿಗಳು ದಾಸೋಹಕ್ಕೆಂದು ಬಂದು ಸೇರುತ್ತವೆ. ಲಕ್ಷಗಳಲ್ಲಿ ಅವುಗಳ ಎಣಿಕೆ. ಅವೆಲ್ಲ ಯಾವುದೋ ಒಂದು ದೊಡ್ಡ ಅಡುಗೆಮನೆಯಲ್ಲಿ ಆದುವಲ್ಲ. ಒಬ್ಬೊಬ್ಬ ತಾಯಿ ತನ್ನ ಮನೆಯ ಒಲೆಯ ಮುಂದೆ ತನ್ನವರ ರೊಟ್ಟಿಯ ಜೊತೆಗೆ ಬಡಿದ ಹೆಚ್ಚಿನ ರೊಟ್ಟಿಗಳು ಅವು.

ಫಾಲ್ಗುಣ ಕಾಲಿಟ್ಟಿತು. ಶಾವಿಗೆಯ ಕಾಲ. ಒಂದು ಮನೆಯ ಶಾವಿಗೆಗೆ ಓಣಿಯ ಹೆಂಗಸರೆಲ್ಲ ಮುಯ್ಯಿಗೆ ಬರುವುದು ರೂಢಿ: ಇಂದು ಇವರ ಮನೆ, ನಾಳೆ ಅವರ ಮನೆ. ಹದವಾಗಿ ನಾದಿದ ಗೋದಿಯ ಕಣಕವನ್ನು ಮಣೆಯ ಮೇಲೆ ಹೊಸೆದು ಎಳೆದು, ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುವ ಆ ದಿನಗಳಲ್ಲಿ ಮಾಳಿಗೆಗಳೆಲ್ಲ ಬಿಳಿಯ ಜಡೆಗಳನ್ನು ಬಿಟ್ಟಂತೆ ತೋರುತ್ತಿದ್ದವು. ಬೆರಳ ತುದಿಯಲ್ಲಿ ಗವಲಿ, ಪರಡಿ, ಸೌತೆಬೀಜ ಎಂದು ಬಗೆಬಗೆಯ ಸಣ್ಣ ಆಕಾರಗಳನ್ನು ಹೊಸೆಯುವುದು ಎಳೆಯ ಹುಡುಗಿಯರ ಪಾಲಿನ ಕೆಲಸ. ಬಳಿಕ ಹಪ್ಪಳ, ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ. ಎಲ್ಲವೂ ಮುಂಬರುವ ಮಳೆಗಾಲಕ್ಕೆ, ಮುಂಬರುವ ಬೀಗರಿಗೆ, ಮುಂಬರುವ ಬಾಣಂತಿಗೆ.

ಮುಯ್ಯಿಗೆ ಬಂದ ಹೆಂಗಸರು ಪಡಸಾಲೆಯಲ್ಲಿ ಹರಡಿದ್ದ ಕೌದಿಯನ್ನು ನೋಡಿ ಹೊಗಳಿದರು. ಅಜ್ಜಿ ನಾಲ್ಕೂ ಸುತ್ತಿನಿಂದ ಹೊಲಿಯುತ್ತ ಬಂದು ನಡುವೆ ಒಂದು ಮೊಳದಷ್ಟು ಜಾಗವನ್ನು ಉಳಿಸಿದ್ದಳು. ಅಲ್ಲಿಗೆ ಅವಳ ಕಣ್ಣು ನಿಂತಿತು. ಹೋಳಿಹುಣ್ಣಿಮೆಯ ಹೊತ್ತಿಗೆ ಎಡಗಣ್ಣಿಗೂ ಪೊರೆ ಮುಚ್ಚಿಕೊಂಡಿತು. ಬೆರಳಿನಿಂದ ಸವರಿ ಎರಡು ದಿನ ಯತ್ನಿಸಿದಳು. ಸೂಜಿ ಬಟ್ಟೆಗಿಂತ ಹೆಚ್ಚಾಗಿ ಬೆರಳಿಗೆ ಚುಚ್ಚಿತು. ಮೂರನೆಯ ದಿನ ಹುಡುಗ ಶಾಲೆಯಿಂದ ಬಂದು ನೋಡಿದಾಗ ಬೆಂಡಿನ ಮೇಲಿನ ಹತ್ತು ಸೂಜಿಗಳ ದಾರ ಹಾಗೆಯೇ ಇತ್ತು. ಕೌದಿ ಮಡಿಚಿ ಮೂಲೆ ಸೇರಿತ್ತು.

ಅದನ್ನು ಮತ್ತೆ ಬಿಚ್ಚಿ ಹಾಸಿದವಳು ಸೊಸೆ. ಅವಳು ತವರಿನಲ್ಲಿ ಕಸೂತಿ ಕಲಿತವಳು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆಗಳನ್ನು ಮೂಡಿಸುವ ಆ ಕೆಲಸದಲ್ಲಿ ಗಂಟಿಗೆ ಎಡೆಯಿಲ್ಲ. ಗವಂತಿ, ಮುರಗಿಯ ಹೊಲಿಗೆಗಳು ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ತೆರನಾಗಿ ಕಾಣಬೇಕು. ಅಂತಹ ಕೈಗೆ ಕೌದಿಯ ಟಾಕಿ ತೀರ ಒರಟಾದ ಕೆಲಸವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಕೂತು ಹೊಲಿಯತೊಡಗಿದಾಗ ಅದರ ಕಷ್ಟ ತಿಳಿಯಿತು. ಐದಾರು ಪದರುಗಳಲ್ಲಿ ಸೂಜಿಯನ್ನು ನೂಕಿ, ಎಳೆದು, ಸಾಲನ್ನು ಕೆಡದಂತೆ ಕಾಯುವುದಕ್ಕೆ ಕಸೂತಿಯ ಜಾಣ್ಮೆಗಿಂತ ಬೇರೆಯಾದ ತಾಳ್ಮೆ ಬೇಕು. ಕಣ್ಣಿಲ್ಲದ ಮುದುಕಿ ಒಂದು ತಿಂಗಳಿನಿಂದ ಮಾಡುತ್ತಿದ್ದುದು ಏನೆಂದು ಅವಳಿಗೆ ಆಗ ಅರ್ಥವಾಯಿತು. ಅತ್ತೆ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಇಬ್ಬರೂ ಚಾದರದ ಮಾತನ್ನು ಎತ್ತಲಿಲ್ಲ. ಯುಗಾದಿಗೆ ಎರಡು ದಿನ ಮೊದಲು ಕೌದಿ ಮುಗಿಯಿತು. ನಡುವಿನ ಒಂದು ಮೊಳದ ಹೊಲಿಗೆ ಸಣ್ಣದು, ಬಿಗಿಯಾದುದು. ಸುತ್ತಲಿನದು ದೊಡ್ಡದು, ಸಡಿಲಾದುದು. ಎರಡು ಕೈಗಳೆಂಬುದನ್ನು ಯಾರಾದರೂ ಹೇಳಬಹುದಾಗಿತ್ತು. ಅದನ್ನು ಮರೆಸಲು ಯಾರೂ ಯತ್ನಿಸಲಿಲ್ಲ.

ಜೂನ್ ತಿಂಗಳಲ್ಲಿ ಟ್ರಂಕಿನ ಮೇಲೆ ಕೌದಿಯನ್ನು ಹೊತ್ತು ಹುಡುಗ ಪ್ರಸಾದ ನಿಲಯವನ್ನು ಸೇರಿದನು. ಶ್ರಾವಣದಲ್ಲಿ ಅಜ್ಜಿ ಲಿಂಗೈಕ್ಯಳಾದಳು. ಅವಳ ಕೈಯ ಕೌದಿಗೆ ಇನ್ನೂ ಚಳಿಯೇ ಬಂದಿರಲಿಲ್ಲ.

ಚಳಿ ಬಂದುದು ಕಾರ್ತಿಕದಲ್ಲಿ. ಪ್ರಸಾದ ನಿಲಯದ ಉದ್ದನೆಯ ಅಂಕಣದಲ್ಲಿ ಫರಸಿಯ ನೆಲದ ಮೇಲೆ ಹುಡುಗರು ಸಾಲಾಗಿ ಮಲಗುತ್ತಿದ್ದರು. ರಾತ್ರಿಯ ಪ್ರಾರ್ಥನೆ ಮುಗಿದು ಹಾಸಿಗೆಗಳು ಬಿಚ್ಚಿದಾಗ ಆ ಸಾಲು ಕೌದಿಗಳ ಜಾತ್ರೆಯಂತೆ ಕಾಣುತ್ತಿತ್ತು. ಊರಿಗೊಂದು ಬಣ್ಣ, ಮನೆಗೊಂದು ಹೊಲಿಗೆ. ಯಾವ ಕೌದಿಯ ಮುಂದೆ ಯಾವ ಕೌದಿಯೂ ಬಡವಾಗಿರಲಿಲ್ಲ. ಅವನ ಮಗ್ಗುಲಲ್ಲಿ ಮಲಗುತ್ತಿದ್ದ ಬಾಲಕನಿಗೆ ತಾಯಿ ಇರಲಿಲ್ಲ. ಅವನ ಬಳಿಯಿದ್ದುದು ಒಂದು ಹಳೆಯ ಧೋತರ. ನಿಲಯದ ಹಿರಿಯರ ಗಮನಕ್ಕೆ ಬಂದು ಅವನಿಗೆ ಕಂಬಳಿ ದೊರೆಯುವವರೆಗೆ ಕೆಲವು ರಾತ್ರಿಗಳು ಕಳೆದವು. ಆ ರಾತ್ರಿಗಳಲ್ಲಿ ಇಬ್ಬರು ಹುಡುಗರು ಒಂದೇ ಕೌದಿಯ ಕೆಳಗೆ ಮಲಗಿದರು. ಅದು ಇಬ್ಬರಿಗೂ ಸಾಕಾಯಿತು. ಅಜ್ಜಿ ಎಣಿಸಿದ್ದ ಆ ಮತ್ತೊಬ್ಬನಿಗೆ ಅವಳ ಒಂದು ಗೇಣು ಹೀಗೆ ಸಂದಿತು.

ಇಂದು ಆ ಕಾಲದ ಎಷ್ಟೋ ಕೆಲಸಗಳು ಮನೆಯಿಂದ ಹೊರಗೆ ಹೋಗಿವೆ. ಜೋಳದ ರಾಶಿಯನ್ನು ಯಂತ್ರ ಮಾಡುತ್ತದೆ. ಹಂತಿಯ ಹಾಡು ಕಣದಲ್ಲಿ ಕೇಳುವುದು ಅಪರೂಪ. ಕುಸುರೆಳ್ಳು, ಶಾವಿಗೆ, ಖಡಕ್ ರೊಟ್ಟಿ ಅಂಗಡಿಯಲ್ಲಿ ಪೊಟ್ಟಣದಲ್ಲಿ ದೊರೆಯುತ್ತವೆ. ಕೌದಿ ಕೂಡ ಪೇಟೆಯನ್ನು ಕಂಡಿದೆ. ಸ್ವಸಹಾಯ ಸಂಘಗಳ ಮಹಿಳೆಯರು ಹೊಲಿದ ಕೌದಿಗಳು ನಗರದ ಪ್ರದರ್ಶನಗಳಲ್ಲಿ ಮಾರಾಟವಾಗುತ್ತವೆ. ಇದಕ್ಕೆ ಮರುಗಬೇಕಾದುದಿಲ್ಲ. ನಸುಕಿನ ಚಳಿಯಲ್ಲಿ ಎದ್ದು ಪರಾತದ ಮುಂದೆ ಕೂರುವ ಕಷ್ಟ ಕಷ್ಟವೇ. ಸೂಜಿಯಿಂದ ನಾಲ್ಕು ಕಾಸು ಗಳಿಸಿ ಮಗಳನ್ನು ಓದಿಸುವ ತಾಯಿಯ ಕೈಗೆ ಬೆಲೆ ಬಂದುದು ಒಳ್ಳೆಯದೇ. ಕಣ್ಣಿನ ಪೊರೆಯನ್ನು ಅರ್ಧ ಗಂಟೆಯೊಳಗೆ ತೆಗೆದು ಹೊಸ ಮಸೂರವನ್ನಿಡುವ ಚಿಕಿತ್ಸೆ ಇಂದು ಹಳ್ಳಿಯ ಮುದುಕಿಗೂ ಎಟುಕುತ್ತದೆ. ಅಂದು ಆ ಅಜ್ಜಿಗೆ ಅದು ಎಟುಕಲಿಲ್ಲ.

ಆದರೆ ಮಾರುವ ಕೌದಿಗೆ ಅಳತೆಯುಂಟು. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಬೆಲೆ. ಕೊಳ್ಳುವವನು ಯಾರೆಂದು ಗೊತ್ತಿರುವಲ್ಲಿ ಹೆಚ್ಚಿನ ಗೇಣಿಗೆ ಸ್ಥಳವಿರುವುದಿಲ್ಲ. ಅದನ್ನು ಈಗ ಬೇರೆಡೆಯಲ್ಲಿ ಹುಡುಕಬೇಕು. ಮಠಗಳ ಶಾಲೆಗಳು, ಪ್ರಸಾದ ನಿಲಯಗಳು ಹುಟ್ಟಿದುದೇ ಆ ಒಂದು ಗೇಣಿನಿಂದ. ಹಗೇವಿನಿಂದ ಜೋಳ ತೆಗೆಯುವಾಗ ಒಂದು ಚೀಲವನ್ನು ಮಠಕ್ಕೆಂದು ಬೇರೆ ಇಟ್ಟ ರೈತನು ಯಾವ ಹುಡುಗ ಅದನ್ನು ಉಣ್ಣುತ್ತಾನೆಂದು ಕೇಳಲಿಲ್ಲ. ಶಾಲೆಯ ಗಂಟೆ ಬಾರಿಸಿದ ಮೇಲೂ ಲೆಕ್ಕ ಬಾರದ ಹುಡುಗನನ್ನು ಕೂರಿಸಿಕೊಂಡ ಗುರುಗಳ ವೇಳಾಪತ್ರಿಕೆಯಲ್ಲಿ ಆ ಗಂಟೆ ಬರೆದಿರಲಿಲ್ಲ. ಅಡುಗೆಮನೆಯಲ್ಲಿ ತಡವಾಗಿ ಬಂದವನಿಗೆಂದು ಮುಚ್ಚಿಟ್ಟ ತಾಟಿನ ಲೆಕ್ಕ ಯಾವ ಖಾತೆಯಲ್ಲಿಯೂ ಇಲ್ಲ. ಇವೆಲ್ಲವೂ ಸಂಸ್ಥೆಯ ವರದಿಗಳಲ್ಲಿ ಕಾಣಿಸುವುದಿಲ್ಲ. ಆದರೂ ಸಂಸ್ಥೆಯನ್ನು ಬೆಚ್ಚಗಿಟ್ಟುದು ಇವೇ.

ಶಿವರಾತ್ರಿ ಕಳೆದ ಮೇಲೆ ಎರೆಯ ಸೀಮೆಯ ಮಾಳಿಗೆಗಳ ಮೇಲೆ ಒಗೆದ ಕೌದಿಗಳು ಇಂದಿಗೂ ಅಲ್ಲಲ್ಲಿ ಬಿಸಿಲಿಗೆ ಒಣಗುತ್ತಿರುತ್ತವೆ. ನೀರು ಕುಡಿದ ಕೌದಿ ಬಲು ಭಾರ, ಒಬ್ಬರಿಂದ ಹಿಂಡಲಾಗದು. ಒಂದು ತುದಿಯನ್ನು ಒಬ್ಬರು, ಇನ್ನೊಂದನ್ನು ಮತ್ತೊಬ್ಬರು ಹಿಡಿದು ತಿರುವಬೇಕು. ಒಣಗಿದ ಮೇಲೆ ಮಡಿಚುವುದಕ್ಕೂ ಇಬ್ಬರೇ ಬೇಕು.